ಬಳೆ ಬಿಚ್ಚಿಸಿದ ಮಳೆಗಾಲ

ಶಹಾಬಾದದಲ್ಲಿ ಮಳೆ ಬಿದ್ದರೆ ಮಣ್ಣಿನ ವಾಸನೆ ಬರುವುದಿಲ್ಲ, ಕಲ್ಲಿನ ವಾಸನೆ ಬರುತ್ತದೆ. ಖಣಿಯಿಂದ ತಂದು ಒಟ್ಟಿದ ಫರ್ಸಿ ಕಲ್ಲುಗಳ ಮೇಲೆ, ಅವುಗಳಿಂದ ಉದುರಿ ದಾರಿಯ ಎರಡೂ ಬದಿಗೆ ಕೂತಿರುವ ಬೂದು ಹುಡಿಯ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಸುಣ್ಣ ನೆನೆಸಿಟ್ಟಂಥ ಒಂದು ತಣ್ಣನೆಯ ವಾಸನೆ ಏಳುತ್ತದೆ. ಹೋದ ಆಷಾಢದಲ್ಲಿ ನನ್ನ ದೀಕ್ಷಾಸ್ನಾನದ ದಾಖಲೆಯ ನಕಲು ಬೇಕಾಗಿ ಅಲ್ಲಿಗೆ ಹೋಗಿದ್ದೆ. ರೈಲಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಮಳೆ ಶುರುವಾಯಿತು. ಆ ವಾಸನೆ ಮೂಗಿಗೆ ಬಡಿಯಿತು, ನನಗೆ ಸಿಟ್ಟು ಬಂತು. ಹುಟ್ಟಿದ ಊರಿಗೆ ಹೋದರೆ ಬೇರೆಯವರಿಗೆ ಕಣ್ಣು ತುಂಬುತ್ತದಂತೆ. ನನಗೆ ಮೈ ಉರಿಯುತ್ತದೆ. ಅದಕ್ಕೆ ಕಾರಣ ನಾನು ಮ್ಯಾಟ್ರಿಕ್‌ಗೆ ಕೂತ ವರ್ಷದ ಮಳೆಗಾಲ.

ಎಪ್ಪತ್ತರ ದಶಕದ ನಡುವಿನ ಮಾತು. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಬಂದಿದ್ದರೂ ನಮ್ಮ ಶಾಲೆಯ ಬೋರ್ಡಿನ ಮೇಲೆ ಹಳೆಯ ಹೆಸರೇ ಇತ್ತು. ಮನೆಯಲ್ಲಿ ನಾವು ನಾಲ್ವರು. ಅವ್ವ, ಅವ್ವನ ಅಪ್ಪನಾದ ಮುತ್ಯಾ, ನನಗಿಂತ ಐದು ವರ್ಷ ದೊಡ್ಡವಳಾದ ಸುಗಂಧಕ್ಕ, ಮತ್ತು ನಾನು. ನನಗೆ ಆರು ವರ್ಷವಿದ್ದಾಗ ಅಪ್ಪ ಖಣಿಯಲ್ಲಿ ಬಂಡೆ ಜಾರಿ ತೀರಿಕೊಂಡಿದ್ದ. ಅವ್ವ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಮುತ್ಯಾ ಫರ್ಸಿ ಹಾಸುವ ಮೇಸ್ತ್ರಿ. ನಮ್ಮ ಚರ್ಚಿನ ನೆಲದ ಒಂದೊಂದು ಕಲ್ಲನ್ನೂ ಅವನೇ ಕೂರಿಸಿದ್ದ, ಸಭೆಯ ಹಿರಿಯರಲ್ಲಿ ಒಬ್ಬನಾಗಿದ್ದ.

ಮುತ್ಯಾನ ತಲೆಯ ಮೇಲೆ ಯಾವಾಗಲೂ ಬಿಳಿ ರುಮಾಲು ಇರುತ್ತಿತ್ತು. ಆ ಕಾಲಕ್ಕೆ ನಮ್ಮ ಕಡೆ ವಯಸ್ಸಾದ ಗಂಡಸರು ಬರಿದಲೆಯಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ರುಮಾಲಿಲ್ಲದೆ ಬೀದಿಗೆ ಬಂದನೆಂದರೆ ಅವನ ಮನೆಯಲ್ಲಿ ಹೆಣ ಇದೆ ಎಂದೇ ಅರ್ಥ. ಹಾಗೆಯೇ ಕೈಯಲ್ಲಿ ಗಾಜಿನ ಬಳೆ, ಕೊರಳಲ್ಲಿ ಕರಿಮಣಿ ಇಲ್ಲದ ಹೆಂಗಸು ಎಂದರೆ ಗಂಡ ಸತ್ತವಳು. ಇದು ಒಂದು ಜಾತಿಯ, ಒಂದು ಧರ್ಮದ ಮಾತಾಗಿರಲಿಲ್ಲ. ನಮ್ಮ ಓಣಿಯ ಮುಸಲ್ಮಾನರ ಮನೆಗಳಲ್ಲೂ ಹೆಂಗಸರು ಕರಿಮಣಿ ಹಾಕುತ್ತಿದ್ದರು, ಕ್ರೈಸ್ತರಾದ ನಾವೂ ಹಾಕುತ್ತಿದ್ದೆವು. ಅಪ್ಪ ಸತ್ತ ದಿನ ಅವನ ಸೋದರತ್ತೆಯರು ಅವ್ವನ ಎರಡೂ ಕೈ ಹಿಡಿದು ಹೊಸ್ತಿಲ ಕಲ್ಲಿಗೆ ಬಡಿದು ಬಳೆ ಒಡೆದರು. ಸಭೆಯವರೆಲ್ಲ ಅಲ್ಲೇ ಇದ್ದರು. ಯಾರೂ ಬೇಡ ಅನ್ನಲಿಲ್ಲ. ಅವ್ವನ ಎಡ ಮುಂಗೈಯಲ್ಲಿ ಗಾಜು ಕೊಯ್ದ ಗುರುತು ಕೊನೆಯವರೆಗೂ ಉಳಿದಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು. ಹುಡುಗ ದೇವಪುತ್ರ, ಚಿಂಚೋಳಿ ತಾಲೂಕಿನ ಚಿಮ್ಮನಚೋಡದವನು, ಪ್ರಾಥಮಿಕ ಶಾಲೆಯ ಮಾಸ್ತರ. ಮಿತಭಾಷಿ, ಕೆಲಸವಂತ. ನೋಡಲು ಬಂದ ದಿನ ಅಕ್ಕ ಹೊಲಿದ ಕುಬಸದ ಕಾಜಾಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಭಾಳ ಸಣ್ಣ ಹೊಲಿಗೆ, ಅಂದಿದ್ದ. ಅಕ್ಕನಿಗೆ ಅಷ್ಟು ಸಾಕಾಯಿತು. ಆಮೇಲೆ ಅವಳು ಯಂತ್ರ ತುಳಿಯುವಾಗಲೂ ಒಬ್ಬಳೇ ನಗುತ್ತಿದ್ದಳು. ದಸರೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲೇ ಮದುವೆ ಎಂದು ಮಾತಾಗಿತ್ತು. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಸಭೆಯ ಮುಂದೆ ಓದಬೇಕು, ಆಮೇಲೇ ಮದುವೆ.

ಜೂನಿನ ಮಿರಗದ ಮಳೆಯ ಜೊತೆಗೇ ಹೊಸ ಸಭಾಪಾಲಕರು ಬಂದರು. ದಕ್ಷಿಣದ ಕಡೆಯವರು, ದೊಡ್ಡ ಊರಲ್ಲಿ ವೇದಶಾಸ್ತ್ರ ಓದಿದವರು, ಇನ್ನೂ ನಲವತ್ತು ದಾಟಿರಲಿಲ್ಲ. ನಮ್ಮವರು ಎಲ್ಲ ಪಾಲಕರನ್ನೂ ಕರೆಯುವಂತೆ ಅವರನ್ನೂ ಅಯ್ನೋರು ಎಂದರು. ಕೆಟ್ಟ ಮನುಷ್ಯ ಎನ್ನಲಾರೆ. ಜ್ವರ ಬಂದವರ ಮನೆಗೆ ಮಳೆಯಲ್ಲಿ ತೊಯ್ದುಕೊಂಡು ಹೋಗುತ್ತಿದ್ದರು, ಕಲ್ಲು ಹೊರುವವರ ಜೊತೆ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಆದರೆ ನಮ್ಮನ್ನು ತಿದ್ದಬೇಕೆಂದು ನಿರ್ಧರಿಸಿಕೊಂಡೇ ಬಂದಿದ್ದರು. ನಾವು ಯಾರು, ಯಾವುದನ್ನು ಯಾಕೆ ಮಾಡುತ್ತೇವೆ ಎಂದು ಕೇಳುವ ಮೊದಲೇ ತಿದ್ದಲು ಶುರುಮಾಡಿದರು.

ಬಂದ ಮೂರನೆಯ ಭಾನುವಾರ, ಹೆಂಗಸರು ಬಂಗಾರ ಮುತ್ತುಗಳಿಂದ ಸಿಂಗರಿಸಿಕೊಳ್ಳಬಾರದೆಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಹಿಡಿದು ಒಂದು ಗಂಟೆ ಬೋಧಿಸಿದರು. ಬಂಗಾರ ಯಾರ ಹತ್ತಿರ ಇತ್ತು ಸ್ವಾಮಿ? ಅಲ್ಲಿ ಕೂತವರು ಖಣಿಯಲ್ಲಿ ಕಲ್ಲು ಹೊರುವವರು, ರೈಲ್ವೆಯ ಗ್ಯಾಂಗ್‌ಮನ್‌ಗಳ ಹೆಂಡಂದಿರು. ಅವರ ಮೈಮೇಲೆ ಇದ್ದದ್ದು ಗಾಜಿನ ಬಳೆ ಮತ್ತು ಕರಿಮಣಿ. ಬಂಗಾರ ಸಿಗದಿದ್ದಾಗ ಅಯ್ನೋರು ಗಾಜಿಗೆ ಇಳಿದರು. ಬಳೆ, ಕರಿಮಣಿ, ಕಾಲುಂಗುರ ಎಲ್ಲವೂ ಅನ್ಯಜನರ ಗುರುತು, ಎಲ್ಲ ತೆಗೆಯಬೇಕು, ಇನ್ನು ಮುಂದೆ ಈ ಚರ್ಚಿನಲ್ಲಿ ಕರಿಮಣಿ ಕಟ್ಟಿ ಮದುವೆ ನಡೆಯುವುದಿಲ್ಲ ಎಂದರು.

"ದೇವರ ಆಜ್ಞೆಗೆ ನಮ್ಮ ವ್ಯಾಖ್ಯಾನ ಬೇಕಾಗಿಲ್ಲ, ವಿಧೇಯತೆ ಬೇಕು. ಬರೆದದ್ದು ಬರೆದ ಹಾಗೆಯೇ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹೆಂಗಸರ ಸಾಲಿನ ಕಡೆ ಕೈ ತೋರಿಸಿ ಹೇಳಿದರು: "ನಮ್ಮ ಸಹೋದರಿ ಕರುಣಮ್ಮನವರನ್ನು ನೋಡಿರಿ. ಕೈಯಲ್ಲಿ ಬಳೆಯಿಲ್ಲ, ಕೊರಳಲ್ಲಿ ಮಣಿಯಿಲ್ಲ. ಇದೇ ದೇವರು ಮೆಚ್ಚುವ ಅಲಂಕಾರ."

ಕರುಣಮ್ಮ ಎಂದರೆ ನಮ್ಮ ಅವ್ವ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಕೈ ಯಾಕೆ ಹಾಗಿದೆ ಎಂದು ಆ ಚರ್ಚಿನಲ್ಲಿ ಅಯ್ನೋರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಬ್ಬರಾದರೂ ಎದ್ದು ಹೇಳಬೇಕಿತ್ತೋ ಇಲ್ಲವೋ? ಮುಂದಿನ ಸಾಲಿನಲ್ಲಿ ಮುತ್ಯಾ ಕೂತಿದ್ದ, ಸ್ವಂತ ಅಪ್ಪ. ಅವನೂ ಕೆಮ್ಮಿ ಸುಮ್ಮನಾದ.

ಮೊದಲು ವಿಧೇಯಳಾದವಳು ನಮ್ಮ ಪಕ್ಕದ ಮನೆಯ ಸುಂದರಮ್ಮ. ಮೆತ್ತನೆಯ ಹೆಣ್ಣು, ಅಯ್ನೋರು ಹೇಳಿದ್ದು ದೇವರೇ ಹೇಳಿದ್ದು ಎಂದು ನಂಬಿದವಳು. ಸೋಮವಾರ ಕೈಗೆ ಸೋಪು ಹಚ್ಚಿ ಒಂದೊಂದೇ ಬಳೆ ಜಾರಿಸಿದಳು, ಕರಿಮಣಿಯನ್ನು ಡಬ್ಬಿಯಲ್ಲಿಟ್ಟಳು. ಅವಳ ಗಂಡ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಫೈರ್‌ಮನ್. ಡ್ಯೂಟಿಗೆ ಹೋದರೆ ಎರಡು ಮೂರು ದಿನ ಮನೆ ಕಡೆ ಬರುತ್ತಿರಲಿಲ್ಲ. ಮಂಗಳವಾರ ಸುಂದರಮ್ಮ ಕೊಡ ಹಿಡಿದು ನಳಕ್ಕೆ ಹೋದಾಗ ಅಲ್ಲಿದ್ದ, ನಮ್ಮ ಸಭೆಗೆ ಸೇರದ ಹೆಂಗಸರು ಅವಳ ಕೈ ನೋಡಿದರು, ಕೊರಳು ನೋಡಿದರು, ಮಾತು ನಿಲ್ಲಿಸಿ ದಾರಿ ಬಿಟ್ಟರು. ಅಂಥದ್ದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಅವಳೂ ಅವರು ತನ್ನ ಭಕ್ತಿಗೆ ಮರ್ಯಾದೆ ಕೊಟ್ಟರು ಅಂದುಕೊಂಡಳು. ಆ ಹೆಂಗಸರಲ್ಲಿ ಒಬ್ಬಳು ಅದೇ ದಿನ ಸೇಡಂ ಕಡೆ ಹೊರಟಿದ್ದಳು. ಸುಂದರಮ್ಮನ ಅತ್ತೆ ಇದ್ದದ್ದು ಆ ದಾರಿಯ ಕುರಕುಂಟಾದಲ್ಲಿ.

ಮರುದಿನ ಮಧ್ಯಾಹ್ನ ಓಣಿಯ ತುದಿಯಿಂದಲೇ ಅಳುವ ದನಿ ಕೇಳಿತು. ಅತ್ತೆ ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು, ಹಿಂದೆ ಏಳೆಂಟು ಮಂದಿ ನೆಂಟರು. ಸುಂದರಮ್ಮ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಅವಳು ಬಿಡಿಸಿ ಹೇಳುವಷ್ಟರಲ್ಲಿ ಅಂಗಳದಲ್ಲಿ ಹಾಡಿ ಹಾಡಿ ಅಳುವುದು ಶುರುವಾಗಿತ್ತು. ಸಂಜೆ ಡ್ಯೂಟಿ ಮುಗಿಸಿ, ಮುಖಕ್ಕೆ ಕಲ್ಲಿದ್ದಲು ಮೆತ್ತಿಕೊಂಡು ಅವಳ ಗಂಡ ಬಂದರೆ ಅವನ ಮನೆಯ ಮುಂದೆ ಅವನಿಗೇ ಅಳುತ್ತಿದ್ದಾರೆ. ಮಗನನ್ನು ನೋಡಿದ ಮುದುಕಿ ಎಚ್ಚರ ತಪ್ಪಿ ಬಿದ್ದಳು. ಅವನು ಎಲ್ಲರೆದುರು ಹೆಂಡತಿಗೆ ಹೊಡೆದ. ನಾ ಬದುಕಿರುವಾಗಲೇ ನನ್ನನ್ನು ಸಾಯಿಸಿದೆ ಎಂದು ಹೇಳಿ ಹೇಳಿ ಹೊಡೆದ. ಬಿಡಿಸಲು ಹೋದ ಅವ್ವನ ಹಣೆಗೂ ಪೆಟ್ಟು ಬಿತ್ತು.

ಸುದ್ದಿ ತಿಳಿದು ಅಯ್ನೋರು ಬಂದರು. ಪ್ರಾರ್ಥನೆ ಮಾಡಿದರು. ಕರ್ತನ ನಿಮಿತ್ತ ಬರುವ ಕಷ್ಟ ಸಹಿಸುವವರು ಧನ್ಯರು ಎಂದು ಸುಂದರಮ್ಮನಿಗೆ ಹೇಳಿದರು. ಹೊಡೆದವನಿಗೆ ಒಂದು ಮಾತು ಹೇಳಲಿಲ್ಲ. ಗಂಡಂದಿರು ಹೆಂಡತಿಯರನ್ನು ಪ್ರೀತಿಸಬೇಕು ಎಂದೂ ಅದೇ ಪೌಲ ಬರೆದಿದ್ದಾನೆ. ಆ ಹೊತ್ತಿಗೆ ಆ ಪುಟ ಅವರ ಕೈಗೆ ಸಿಗಲಿಲ್ಲ.

ಈ ಕತೆ ಬಸ್ಸು ಹತ್ತಿ ಚಿಮ್ಮನಚೋಡಕ್ಕೂ ಹೋಯಿತು. ಶ್ರಾವಣದಲ್ಲಿ ದೇವಪುತ್ರನ ತಾಯಿ ನಾಗಮ್ಮ ಬಂದಳು. ಒಳಗೆ ಬಂದು ಕೂತು, ನೀರು ಕುಡಿದು, ನೇರವಾಗಿ ವಿಷಯಕ್ಕೆ ಬಂದಳು.

"ಕರುಣವ್ವ, ನಮ್ಮೂರಾಗ ನಮ್ಮ ಸಭಾದ ಮನಿ ಮೂರೇ ಅವ. ಬಾಕಿ ಮಂದಿ ಸರ್ಟಿಫಿಕೇಟು ನೋಡಂಗಿಲ್ಲ, ಕೊಳ್ಳ ನೋಡ್ತಾರ. ಬರೇ ಕೊಳ್ಳಿನಾಕಿನ್ನ ಕರ್ಕೊಂಡು ಹೋದ್ರ ಮಾಸ್ತರ ಯಾವಾಕಿನ್ನೋ ಇಟ್ಕೊಂಡಾನ ಅಂತಾರ. ಕರಿಮಣಿ ಕಟ್ಟಸ್ತೀ ಅಂದ್ರ ಮದಿವಿ. ಇಲ್ಲಂದ್ರ ಬ್ಯಾಡ."

ನಾಗಮ್ಮ ಹೇಳಿದ್ದರಲ್ಲಿ ತಪ್ಪೇನಿತ್ತು? ಸೊಸೆಗೆ ಕೆಟ್ಟ ಹೆಸರು ಬರಬಾರದು ಎಂದಳು. ಅವ್ವ ಅಯ್ನೋರ ಹತ್ತಿರ ಹೋಗಿ ಕೇಳಿಕೊಂಡಳು. ಅವರು ಅಷ್ಟು ಹೊತ್ತಿಗೆ ಎರಡು ಬಾರಿ ಪ್ರಕಟಣೆ ಓದಿದ್ದರು. ಕರಿಮಣಿ ಇರುವುದಿಲ್ಲ ಎಂದು ಒಪ್ಪಿದರೆ ಮಾತ್ರ ಮೂರನೆಯದು ಎಂದರು. ಅವರ ಚೀಟಿ ಇಲ್ಲದೆ ಬೇರೆ ಊರಿನ ಪಾಲಕರೂ ಮದುವೆ ಮಾಡಿಸುವಂತಿರಲಿಲ್ಲ. ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಕುಬಸದ ತೋಳನ್ನು ಬಿಚ್ಚುವುದು, ಮತ್ತೆ ಹೊಲಿಯುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು.

ನಾನು ಬೀಜಗಣಿತ ಬಿಟ್ಟು ಸತ್ಯವೇದ ಹಿಡಿದೆ. ಬರೆದದ್ದು ಬರೆದ ಹಾಗೆಯೇ ಎಂದಿದ್ದರಲ್ಲ, ಇನ್ನೇನೇನು ಬರೆದಿದೆ ನೋಡೋಣ ಎಂದು ಹಟಕ್ಕೆ ಬಿದ್ದೆ. ಒಬ್ಬರನ್ನೊಬ್ಬರು ಪವಿತ್ರವಾಗಿ ಮುದ್ದಿಟ್ಟು ವಂದಿಸಬೇಕು ಎಂದು ಒಂದು ಕಡೆ ಅಲ್ಲ, ಪತ್ರದ ಮೇಲೆ ಪತ್ರದಲ್ಲಿ ಬರೆದಿತ್ತು. ನಮ್ಮ ಚರ್ಚಿನಲ್ಲಿ ಗಂಡಸರು ಒಬ್ಬರಿಗೊಬ್ಬರು ಕೈ ಮುಗಿದು ದೂರ ಸರಿಯುತ್ತಿದ್ದರು. ಒಬ್ಬರ ಕಾಲು ಒಬ್ಬರು ತೊಳೆಯಿರಿ ಎಂದು ಸ್ವತಃ ಯೇಸುವೇ ಹೇಳಿದ್ದ. ಯಾವ ಹಿರಿಯನೂ ಯಾರ ಕಾಲನ್ನೂ ತೊಳೆದದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಕೊರಿಂಥದವರಿಗೆ ಬರೆದ ಪತ್ರದಲ್ಲಿ ನನಗೆ ಬೇಕಾದ ಮಾತು ಸಿಕ್ಕಿತು. ಗಂಡಸು ತಲೆಯ ಮೇಲೆ ಹೊದಿಕೆ ಇಟ್ಟುಕೊಂಡು ಪ್ರಾರ್ಥನೆ ಮಾಡಿದರೆ ತನ್ನ ತಲೆಯನ್ನೇ ಅವಮಾನಪಡಿಸಿದ ಹಾಗೆ. ಓಡಿಹೋಗಿ ಅವ್ವನಿಗೆ ಓದಿ ಹೇಳಿದೆ. ಯಂತ್ರ ನಿಂತಿತು. ಇನ್ನೊಮ್ಮೆ ಓದು ಅಂದಳು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವ್ವ ಎದ್ದು ನಿಂತಳು. ನಮ್ಮ ಚರ್ಚಿನಲ್ಲಿ ಹೆಂಗಸರು ಹಾಡುತ್ತಿದ್ದರು, ಕಸ ಹೊಡೆಯುತ್ತಿದ್ದರು, ಎದ್ದು ಮಾತಾಡುತ್ತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಅವ್ವ ಸೆರಗು ಸರಿಸಿ ಎರಡೂ ಕೈಗಳನ್ನು ಮುಂದೆ ಹಿಡಿದಳು.

"ಅಯ್ನೋರ, ಈ ಕೈ ಭಕ್ತಿಲಿಂದ ಬರಿದಾಗಿಲ್ಲರಿ. ಗಂಡ ಸತ್ತ ದಿನ ಕಲ್ಲಿಗಿ ಬಡದು ಒಡದಾರ. ಇದನ್ನ ತೋರಿಸಿ ಮಂದಿಗಿ ಉಪದೇಶ ಮಾಡಬ್ಯಾಡ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ವಿಮಲಾ, ಓದು" ಎಂದಳು.

ಓದಿದೆ. ಚರ್ಚಿನಲ್ಲಿ ರುಮಾಲು ಕಟ್ಟಿಕೊಂಡು ಕೂತ ಗಂಡಸರು ಹದಿನಾಲ್ಕು ಮಂದಿ ಇದ್ದರು, ಓದುವ ಮೊದಲೇ ನಾನು ಎಣಿಸಿದ್ದೆ.

ಅಯ್ನೋರು ನಕ್ಕರು. ಒಳ್ಳೆಯ ಪ್ರಶ್ನೆ ಎಂದರು. ಅದು ಕೊರಿಂಥ ಪಟ್ಟಣದ ಆ ಕಾಲದ ರೂಢಿಗೆ ಬರೆದ ಮಾತು, ಅದರ ಒಳ ಅರ್ಥ ಮಾತ್ರ ನಾವು ಹಿಡಿಯಬೇಕು, ಈ ಸೀಮೆಯಲ್ಲಿ ರುಮಾಲು ಮರ್ಯಾದೆಯ ಗುರುತು, ಹಿರಿಯರಿಗೆ ಬರಿದಲೆಯಲ್ಲಿ ಕೂರಿ ಎಂದು ಹೇಳುವುದು ಅವಿವೇಕವಾಗುತ್ತದೆ ಎಂದು ಚೆಂದವಾಗಿ ಬಿಡಿಸಿ ಹೇಳಿದರು. ಅಂದರೆ ವ್ಯಾಖ್ಯಾನ ಅವರಿಗೆ ಬರುತ್ತಿತ್ತು. ರೂಢಿ ಎಂದರೇನು, ಕಾಲ ಎಂದರೇನು, ಒಂದು ಊರಿಗೆ ಹೇಳಿದ ಮಾತು ಇನ್ನೊಂದು ಊರಿಗೆ ಹೇಗೆ ಕೂರುತ್ತದೆ, ಎಲ್ಲವೂ ಗೊತ್ತಿತ್ತು. ಬಳೆಯ ವಿಷಯಕ್ಕೆ ಬಂದಾಗ ಮಾತ್ರ ಆ ಜಾಣತನವೆಲ್ಲ ಎಲ್ಲಿ ಹೋಗುತ್ತಿತ್ತೋ.

"ಎರಡೂ ಮಾತು ಬರದಾಂವ ಒಬ್ಬನೇ ಅಲ್ಲೇನ್ರಿ?" ಎಂದಳು ಅವ್ವ. "ಅವರ ರುಮಾಲಿಗಿ ರೂಢಿ ಅದ. ನಮ್ಮ ಬಳಿಗಿ ಯಾಕಿಲ್ಲ? ಹಂಗಾದ್ರ ಮೊದಲ ಇವರು ರುಮಾಲ ತೆಗೀಲಿ. ಇವರು ತೆಗದ್ರ ನನ್ನ ಮಗಳು ಬರೇ ಕೊಳ್ಳಲೇ ಮದಿವಿ ಆಗ್ತಾಳ."

ಹೀಗೆ ಹೇಳಿ ಅವಳು ಗಂಡಸರ ಸಾಲನ್ನು ಒಂದು ತುದಿಯಿಂದ ನೋಡುತ್ತ ಹೋದಳು. ಖಣಿಯ ಮುಕಾದಮ ಮೇಲೆ ಜಂತೆ ನೋಡಿದ. ರೈಲ್ವೆಯ ಕೀಮನ್ ಚಪ್ಪಲಿ ಹುಡುಕಿದ. ಒಬ್ಬ ಎದ್ದು ಮಳೆಗೇ ಹೊರಗೆ ಹೋದ. ಸಾಲಿನ ಕೊನೆಗೆ ಮುತ್ಯಾ. ಅವನ ಕೈ ಒಮ್ಮೆ ಮೊಣಕಾಲಿನಿಂದ ಮೇಲೆದ್ದಿತು, ಮತ್ತೆ ಮೊಣಕಾಲಿಗೇ ಬಂತು. ತಾನೇ ಹಾಸಿದ ಕಲ್ಲುಗಳನ್ನು ನೋಡುತ್ತ ಕೂತ. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರ ರುಮಾಲೂ ಅಲುಗಲಿಲ್ಲ. ತಮ್ಮ ಹೆಂಡಂದಿರು, ಸೊಸೆಯಂದಿರು ಕೈ ಬರಿದು ಮಾಡಿಕೊಂಡು ನಳಕ್ಕೆ ಹೋಗಬಹುದು, ಓಣಿಯವರ ಕಣ್ಣಲ್ಲಿ ವಿಧವೆಯರಾಗಬಹುದು, ಹೊಡೆತ ತಿನ್ನಬಹುದು. ತಾವು ಮಾತ್ರ ಒಂದು ಗಂಟೆಯ ಮಟ್ಟಿಗೆ ಒಂದು ಬಟ್ಟೆ ಬಿಚ್ಚಲಾರರು. ಆ ವಾರವೂ ಪ್ರಕಟಣೆ ಓದಲಿಲ್ಲ.

ನಾನು ಆಮೇಲೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ, ಅಷ್ಟಿಷ್ಟು ವ್ಯಾಖ್ಯಾನಗಳನ್ನೂ ಓದಿದೆ. ಯಾವ ಆಜ್ಞೆ ಎಲ್ಲ ಕಾಲಕ್ಕೆ, ಯಾವುದು ಆ ಊರಿನ ರೂಢಿಗೆ ಎಂದು ತಿಳಿದವರೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಕಷ್ಟದ ಪ್ರಶ್ನೆ, ಒಪ್ಪುತ್ತೇನೆ. ಬಂಗಾರದ ಆಸೆ ಎಷ್ಟೋ ಮನೆ ಹಾಳುಮಾಡಿದೆ ಎನ್ನುವುದನ್ನೂ ಒಪ್ಪುತ್ತೇನೆ. ಅಯ್ನೋರು ವರದಕ್ಷಿಣೆ ಕೇಳುವ ಗಂಡಿನ ಅಪ್ಪಂದಿರನ್ನು ಎಬ್ಬಿಸಿ ನಿಲ್ಲಿಸಿ ಅದೇ ವಚನ ಓದಿದ್ದರೆ ಅವರ ಪಾದ ಮುಟ್ಟುತ್ತಿದ್ದೆ. ಹಾಗೆ ಮಾಡಲಿಲ್ಲ. ಗಂಡಸರಿಗೆ ತೊಂದರೆಯಾಗುವ ಮಾತೆಲ್ಲ ಆ ಕಾಲದ ರೂಢಿ, ಹೆಂಗಸರಿಗೆ ತೊಂದರೆಯಾಗುವುದು ಮಾತ್ರ ದೇವರ ನಿತ್ಯದ ಆಜ್ಞೆ. ಇದನ್ನು ವೇದಶಾಸ್ತ್ರ ಅಂದರೆ ನಾನು ಒಪ್ಪುವುದಿಲ್ಲ. ಇದಕ್ಕೆ ಅನುಕೂಲ ಅನ್ನುತ್ತಾರೆ.

ಆ ವಾರ ಮನೆಯಲ್ಲಿ ಅವ್ವ ಮುತ್ಯಾನ ಜೊತೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಇಡುತ್ತಿದ್ದಳು, ರೊಟ್ಟಿ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಮುತ್ಯಾ ಒಂದು ದಿನ ತಾನಾಗಿಯೇ, ಎಪ್ಪತ್ತು ವರ್ಷದ ಮುದುಕನಿಗೆ ಬಜಾರದಲ್ಲಿ ಬರಿದಲೆ ಮಾಡಿಸುತ್ತೀಯಾ ಎಂದು ಗೊಣಗಿದ. ಅಕ್ಕ ಒಳಗಿನಿಂದ ಬಂದು ಅವನ ತಾಟಿನ ಪಕ್ಕ ನೀರಿನ ತಂಬಿಗೆ ಇಟ್ಟು, ಇರಲಿ ಬಿಡು ಮುತ್ಯಾ, ನನಗೆ ಮದುವೆ ಬೇಡ, ಚಿಮ್ಮನಚೋಡಕ್ಕೆ ಹೇಳಿ ಕಳಿಸಿರಿ ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಅರ್ಧ ರೊಟ್ಟಿಗೇ ಏಳುತ್ತಿರಲಿಲ್ಲವೇನೋ.

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅವ್ವ ಮತ್ತು ಅಕ್ಕ ಮೊದಲೇ ಹೋಗಿದ್ದರು. ನಾನು ಮುತ್ಯಾನಿಗೆ ಕಾಯುತ್ತಿದ್ದೆ. ಅವನು ಮಡಿ ಧೋತ್ರ, ಅಂಗಿ ಹಾಕಿಕೊಂಡು ಹೊರಗೆ ಬಂದ. ತಲೆಯ ಮೇಲೆ ಏನೂ ಇರಲಿಲ್ಲ. ಹಣೆಯವರೆಗೆ ಮುಖ ಕಲ್ಲಿನ ಬಿಸಿಲಿಗೆ ಕಪ್ಪಾಗಿ, ಮೇಲೆ ಬಿಳಿ ನೆತ್ತಿ. ಹದಿನಾರು ವರ್ಷದಲ್ಲಿ ನಾನು ಅದನ್ನು ಹಗಲು ಹೊತ್ತಿನಲ್ಲಿ ನೋಡಿರಲಿಲ್ಲ. ಏನೋ ಕೇಳಹೋದೆ, ನಡಿ ಎಂದ.

ಓಣಿ ದಾಟಿ ಬಜಾರಕ್ಕೆ ಬಂದೆವು. ಚಹಾದ ಹೋಟೆಲಿನ ಚಾಚಾ ಅವನನ್ನು ನೋಡಿ ಕೈಯಲ್ಲಿದ್ದ ಕೆಟಲಿ ಕೆಳಗಿಟ್ಟು ಎದ್ದ. ಏನೂ ಕೇಳದೆ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ನಮ್ಮ ಹಿಂದೆ ನಡೆದ. ಕಿರಾಣಿ ಅಂಗಡಿಯ ಶೆಟ್ಟರು ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಬಂದರು. ಗಿರಣಿಯವ, ಸೈಕಲ್ ರಿಪೇರಿಯವ, ಖಣಿಗೆ ಹೊರಟ ನಾಲ್ವರು. ಮೇಸ್ತ್ರಿಯ ಮನೆಯಲ್ಲಿ ಸಾವಾಗಿದೆ, ಹೆಗಲು ಕೊಡಲು ಜನ ಬೇಕಾಗುತ್ತದೆ ಎಂದು ಎಲ್ಲರೂ ತಾವೇ ತಿಳಿದುಕೊಂಡು ಸುಮ್ಮನೆ ಹಿಂದೆ ಬಂದರು. ಮುತ್ಯಾ ಅವರಿಗೆ ಬೇಡ ಅನ್ನಲಿಲ್ಲ. ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ಇಪ್ಪತ್ತು ಮಂದಿಯಾದರೂ ಆಗಿದ್ದರು.

ಒಳಗೆ ಹಾಡು ನಡೆದಿತ್ತು. ಬರಿದಲೆಯ ಮುತ್ಯಾನನ್ನು, ಹಿಂದೆ ನಿಂತ ಬಜಾರದವರನ್ನು ನೋಡಿ ಹಾಡು ತಾನೇ ನಿಂತಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಯ್ನೋರು ಗಾಬರಿಯಿಂದ ಇಳಿದು ಬಂದು ಯಾರು ತೀರಿಕೊಂಡರು ಎಂದು ಕೇಳಿದರು. ಮೂರು ತಿಂಗಳಲ್ಲಿ ಅವರೂ ಅಷ್ಟು ಕಲಿತಿದ್ದರು.

"ಯಾರೂ ಸತ್ತಿಲ್ಲರಿ" ಎಂದ ಮುತ್ಯಾ. "ಬರದದ್ದು ಬರದಂಗ ಮಾಡೀನಿ."

ಅಯ್ನೋರು ಅವನ ಕೈ ಹಿಡಿದು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರೂ ಎಲ್ಲರಿಗೂ ಕೇಳಿತು: "ಏನಿದು ಹಿರಿಯರೇ, ರುಮಾಲು ಕಟ್ಟಿಕೊಳ್ಳಿ. ಹೊರಗೆ ಜನ ನಿಂತಿದ್ದಾರೆ, ಏನು ತಿಳಿದುಕೊಂಡಾರು?"

"ಮಂದಿ ಏನ್ ತಿಳಕೋತಾರ ಅನ್ನೋದು ನಿಮಗೂ ಅದ ಅಂದಂಗಾಯ್ತು" ಎಂದ ಮುತ್ಯಾ. "ನನ್ನ ಮೊಮ್ಮಗಳಿಗೂ ಮಂದಿ ಅದಾರ್ರಿ, ಅಯ್ನೋರ. ಆಕಿ ಅವರ ನಡುವ ಬಾಳ್ವಿ ಮಾಡಬೇಕು."

ಅಯ್ನೋರು ಅವನ ಕೈ ಬಿಟ್ಟು ತಮ್ಮ ಜಾಗಕ್ಕೆ ಹಿಂದಿರುಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಸುಂದರಮ್ಮನ ಗಂಡ ತಲೆ ತಗ್ಗಿಸಿದ. ಆ ದಿನ ಆರಾಧನೆಯ ಕೊನೆಗೆ ಅಯ್ನೋರು ಅವಸರದಲ್ಲಿ ಸುಗಂಧಾ ಮತ್ತು ದೇವಪುತ್ರರ ಮೂರನೆಯ ಪ್ರಕಟಣೆ ಓದಿದರು. ಕರಿಮಣಿಯ ಮಾತು ಎತ್ತಲಿಲ್ಲ. ತಪ್ಪಾಯಿತು ಎಂದು ಯಾರಿಗೂ ಹೇಳಲಿಲ್ಲ, ಸುಂದರಮ್ಮನಿಗಂತೂ ಇಲ್ಲವೇ ಇಲ್ಲ. ಅವಳು ಮರುದಿನ ತಾನೇ ಬಳೆಗಾರನನ್ನು ಕರೆದು ಕೈತುಂಬ ಬಳೆ ಇಡಿಸಿಕೊಂಡಳು.

ಮದುವೆ ದಸರೆ ಕಳೆದ ಮೇಲೆ ಆಯಿತು. ಚಿಂಚೋಳಿ ಕಡೆಯಿಂದ ಬೀಗರು ಬಂದಿದ್ದರು, ಬಜಾರದವರೂ ಬಂದಿದ್ದರು. ಅಕ್ಕನ ಕೈಯಲ್ಲಿ ಹಸಿರು ಬಳೆ. ವಚನ ಓದಿ, ಒಪ್ಪಿಗೆ ಕೇಳಿ ಆಯಿತು. ಕರಿಮಣಿಯನ್ನು ಹೆಣ್ಣಿನ ತಾಯಿ ತಾಟಿನಲ್ಲಿ ತಂದು ಗಂಡಿನ ಕೈಗೆ ಕೊಡುವುದು ನಮ್ಮವರ ಪದ್ಧತಿ. ಅವ್ವ ತಾಟು ಹಿಡಿದು ಎದ್ದಳು. ಅವಳು ಎರಡು ಹೆಜ್ಜೆ ಇಟ್ಟಿದ್ದಳು, ನಾಗಮ್ಮ ಅಡ್ಡ ಬಂದಳು.

"ಬೀಗತಿ, ನೀ ಬ್ಯಾಡ. ಯಾರರೆ ಮುತ್ತೈದಿ ಕೈಲೆ ಕೊಡಸು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಎಲ್ಲ ಕಡೆ ಹೇಳುವ ಮಾತನ್ನೇ ಹೇಳಿದಳು.

ಯಾವ ರೂಢಿಗಾಗಿ ಅವ್ವ ಇಡೀ ಸಭೆಯ ಮುಂದೆ ನಿಂತು ಮಾತಾಡಿದ್ದಳೋ ಅದೇ ಈಗ ಅವಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಆಗ ಅಯ್ನೋರು ಬಾಯಿ ಬಿಟ್ಟರು. ವಿಧವೆ ಮುಟ್ಟಬಾರದು ಎಂದು ಯಾವ ಪತ್ರದಲ್ಲೂ ಯಾರೂ ಬರೆದಿಲ್ಲ. ಈ ರೂಢಿ ಬೇಡ ಅನ್ನಲು ಅವರಿಗೆ ಎಲ್ಲ ಅಧಿಕಾರವೂ ಇತ್ತು, ಬೇಕಾದಷ್ಟು ವಚನಗಳೂ ಇದ್ದವು.

"ಇರಲಿ ಕರುಣಮ್ಮ. ಊರಿನ ಪದ್ಧತಿ ಅಲ್ಲವೇ, ಗೌರವಿಸೋಣ" ಎಂದರು.

ಅವ್ವ ಹಿಂದೆ ಸರಿದಳು. ದೇವರ ಸೇವಕರನ್ನು ಎದುರಿಗೇ ಪ್ರಶ್ನಿಸಿದವಳು ಈ ಮಾತಿಗೆ ತಾಟು ತಗ್ಗಿಸಿ, ಯಾವ ಮುತ್ತೈದೆಗೆ ಕೊಡಲಿ ಎಂದು ಸುತ್ತ ನೋಡಿದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಮುತ್ಯಾ ಎದ್ದು ನಿಂತ. ಆದರೆ ಅವನಿಗಿಂತ ಮೊದಲು ಅಕ್ಕ ಗಂಡಿನ ಪಕ್ಕದಿಂದ ಕೆಳಗಿಳಿದು ಬಂದಳು. ಮೂರು ತಿಂಗಳು ಯಾರ ಮುಂದೆಯೂ ಒಂದು ಮಾತು ಜೋರಾಗಿ ಆಡದವಳು ಅವ್ವನ ಮುಂಗೈಯನ್ನು, ಗಾಜು ಕೊಯ್ದ ಗುರುತಿನ ಮೇಲೆಯೇ, ಗಟ್ಟಿಯಾಗಿ ಹಿಡಿದು ಎಲ್ಲರ ನಡುವಿನಿಂದ ನಡೆಸಿಕೊಂಡು ಹೋಗಿ ದೇವಪುತ್ರನ ಮುಂದೆ ನಿಲ್ಲಿಸಿದಳು.

"ನಮ್ಮವ್ವನ ಕೈಲಿಂದೇ ಇಸ್ಕೋರಿ" ಎಂದಳು. "ಒಲ್ಲೆ ಅಂದ್ರ ಈಗೇ ಹೇಳ್ರಿ, ಬಳಿ ತೆಗದು ಮನಿಗಿ ಹೋಗ್ತೀನಿ."

ದೇವಪುತ್ರ ತನ್ನ ತಾಯಿಯ ಕಡೆ ನೋಡಲಿಲ್ಲ, ಅಯ್ನೋರ ಕಡೆಯೂ ನೋಡಲಿಲ್ಲ. ಎರಡೂ ಕೈ ಚಾಚಿದ. ಕರಿಮಣಿ ತಾಟಿನ ಅಂಚಿಗೆ ಸಿಕ್ಕಿಕೊಂಡಿತು, ಅವ್ವ ಬಿಡಿಸಿ ಕೊಟ್ಟಳು. ಅವನು ಅಕ್ಕನ ಕೊರಳಿಗೆ ಕಟ್ಟಿದ. ನಾಗಮ್ಮ ಮುಖ ತಿರುಗಿಸಿಕೊಂಡಳು, ಆದರೆ ಕೂತ ಜಾಗದಿಂದ ಏಳಲಿಲ್ಲ. ಅಯ್ನೋರಿಗೆ ಆಶೀರ್ವಾದ ಮಾಡದೆ ದಾರಿಯಿರಲಿಲ್ಲ. ಕೈ ಎತ್ತಿ, ಕಣ್ಣು ಮುಚ್ಚಿ, ಈ ಮನೆತನದ ಹೆಂಗಸರಿಗೆ ವಿಧೇಯತೆಯ ಮನಸ್ಸು ಕೊಡು ಕರ್ತನೇ ಎಂದು ಉದ್ದಕ್ಕೆ ಪ್ರಾರ್ಥಿಸಿದರು. ಸಭೆಯೆಲ್ಲ ಆಮೆನ್ ಅಂದಿತು. ಅವ್ವ ಖಾಲಿ ತಾಟನ್ನು ಎದೆಗೆ ಹಿಡಿದು, ಕಣ್ಣು ತೆರೆದುಕೊಂಡೇ ನಿಂತಿದ್ದಳು. ಅವಳು ಆಮೆನ್ ಅನ್ನಲಿಲ್ಲ.